ಒಂದೇ ಶಾಲೆ, ನಾಲ್ಕು ಸಂಬಳ

ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯವರು ನನ್ನ ಅಕ್ಕನನ್ನು ಮಾತಾಡಿಸಿದರು. "ನಿಮಗೇನ್ರೀ ಟೀಚರ್, ಏಳನೇ ವೇತನ ಆಯೋಗ ಬಂತು, ಶೇ 27.5 ಜಾಸ್ತಿ ಆಯ್ತು. ವರ್ಷಕ್ಕೆ ಎರಡು ಸಲ ರಜೆ ಬೇರೆ." ಅಕ್ಕ ನಕ್ಕು ಸುಮ್ಮನಾದಳು. ಮನೆಗೆ ಬಂದ ಮೇಲೆ ತನ್ನ ಪೇ ಸ್ಲಿಪ್ ತೆಗೆದು ನನ್ನ ಮುಂದೆ ಇಟ್ಟಳು. "ಇದರಲ್ಲಿ ಆ ಇಪ್ಪತ್ತೇಳೂವರೆ ಎಲ್ಲಿದೆ, ನೀನೇ ಹುಡುಕು" ಅಂದಳು.

ಅದನ್ನು ಪೂರ್ತಿ ಅರ್ಥ ಮಾಡಿಕೊಳ್ಳಲು ಎರಡು ಸಂಜೆ ಹಿಡಿಯಿತು. ಒಂದು ಹಾಳೆಯಲ್ಲಿ ಎಷ್ಟೊಂದು ಸಾಲು! ಒಂದೊಂದು ಸಾಲಿನ ಹಿಂದೆ ಒಂದೊಂದು ಸರ್ಕಾರಿ ಆದೇಶ, ಒಂದೊಂದು ಹೋರಾಟ. ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳದ ಬಗ್ಗೆ ಊರಲ್ಲಿ ಎಲ್ಲರೂ ಮಾತಾಡುತ್ತಾರೆ. ಆದರೆ ಅದು ಹೇಗೆ ಲೆಕ್ಕವಾಗುತ್ತದೆ ಅನ್ನುವುದು ಶಾಲೆಯ ಹೊರಗಿನವರಿಗೆ ಗೊತ್ತಿಲ್ಲ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಅಕ್ಕನ ಶಾಲೆಯನ್ನೇ ನೋಡೋಣ. ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಎಂಟನೇ ತರಗತಿ. ಅಲ್ಲಿ ಪಾಠ ಮಾಡುವವರು ನಾಲ್ಕು ಜನ. ಹಿರಿಯ ಮೇಷ್ಟ್ರು 2003ರಲ್ಲಿ ಸೇರಿದವರು. ಅಕ್ಕ ಸೇರಿದ್ದು 2007ರಲ್ಲಿ. ಗಣಿತ, ವಿಜ್ಞಾನಕ್ಕೆ 2023ರಲ್ಲಿ ಬಂದ ಪದವೀಧರ ಶಿಕ್ಷಕರೊಬ್ಬರಿದ್ದಾರೆ. ಇನ್ನೊಬ್ಬರು ಅತಿಥಿ ಶಿಕ್ಷಕಿ. ನಾಲ್ವರೂ ಬೆಳಗ್ಗೆ ಒಂದೇ ಪ್ರಾರ್ಥನೆಗೆ ನಿಲ್ಲುತ್ತಾರೆ. ಮಧ್ಯಾಹ್ನ ಅದೇ ಬಿಸಿಯೂಟ ಮಾಡುತ್ತಾರೆ. ಆದರೆ ತಿಂಗಳ ಕೊನೆಗೆ ನಾಲ್ವರದೂ ನಾಲ್ಕು ಲೆಕ್ಕ. ಕೆಲಸದಲ್ಲಿನ ವ್ಯತ್ಯಾಸಕ್ಕಿಂತ ನೇಮಕಾತಿ ಆದೇಶದ ಮೇಲಿರುವ ತಾರೀಖು ಆ ಲೆಕ್ಕವನ್ನು ಜಾಸ್ತಿ ನಿರ್ಧರಿಸುತ್ತದೆ.

ಮೂಲ ವೇತನ

ಪೇ ಸ್ಲಿಪ್‌ನ ಮೊದಲ ಸಾಲು ಮೂಲ ವೇತನ, ಅಂದರೆ ಬೇಸಿಕ್. ಮಿಕ್ಕ ಹೆಚ್ಚಿನ ಸಾಲುಗಳು ಇದರ ಮೇಲೆ ಇಂತಿಷ್ಟು ಶೇಕಡಾ ಅಂತ ಹುಟ್ಟುತ್ತವೆ. ಹಾಗಾಗಿ ಬೇಸಿಕ್ ನೂರು ರೂಪಾಯಿ ಏರಿದರೂ ಉಳಿದದ್ದೂ ಅದರ ಜೊತೆ ಏರುತ್ತದೆ.

ಪ್ರತಿ ಹುದ್ದೆಗೂ ಒಂದು ವೇತನ ಶ್ರೇಣಿ ಇದೆ. ಒಂದರಿಂದ ಐದನೇ ತರಗತಿಯ ಪ್ರಾಥಮಿಕ ಶಿಕ್ಷಕರಿಗೆ ಈಗ 41,300ರಿಂದ 81,800 ರೂಪಾಯಿ. ಆರರಿಂದ ಎಂಟನೇ ತರಗತಿಗೆ ಅಂತಲೇ ನೇಮಕವಾದ ಪದವೀಧರ ಪ್ರಾಥಮಿಕ ಶಿಕ್ಷಕರಿಗೆ, ಅಂದರೆ ಜಿಪಿಟಿಗಳಿಗೆ, 44,425ರಿಂದ ಶುರು. ಪ್ರೌಢಶಾಲೆಯ ಸಹ ಶಿಕ್ಷಕರಿಗೆ 54,175ರಿಂದ. ಪಿಯು ಉಪನ್ಯಾಸಕರಿಗೆ 69,250ರಿಂದ.

ಹೊಸದಾಗಿ ಸೇರಿದವರು ಶ್ರೇಣಿಯ ಮೊದಲ ಮೆಟ್ಟಿಲಲ್ಲಿ ನಿಲ್ಲುತ್ತಾರೆ. ವರ್ಷಕ್ಕೊಂದು ಇನ್‌ಕ್ರಿಮೆಂಟ್, ಅಂದರೆ ಒಂದು ಮೆಟ್ಟಿಲು ಮೇಲೆ. ಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ ಉಳಿದವರಿಗೆ 10 ವರ್ಷಕ್ಕೆ ಕಾಲಮಿತಿ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ಬಡ್ತಿ ಕೊಡುತ್ತಾರೆ. ಆಮೇಲೆ 20, 25, 30 ವರ್ಷಗಳಿಗೆ ಹೆಚ್ಚುವರಿ ಇನ್‌ಕ್ರಿಮೆಂಟ್. ಹೆಸರಿನಲ್ಲಿ ಬಡ್ತಿ ಅಂತಿದ್ದರೂ ಹುದ್ದೆ ಬದಲಾಗುವುದಿಲ್ಲ, ಸಂಬಳ ಮಾತ್ರ ಸ್ವಲ್ಪ ಏರುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಸಹ ಶಿಕ್ಷಕರಾಗಿ ಸೇರಿ ಸಹ ಶಿಕ್ಷಕರಾಗಿಯೇ ನಿವೃತ್ತರಾಗುವವರು ಬಹಳ ಮಂದಿ. ಅವರಿಗೆ ಇದು ಸಣ್ಣ ಆಸರೆಯೇನಲ್ಲ.

ತುಟ್ಟಿಭತ್ಯೆ

ಎರಡನೇ ಸಾಲು ತುಟ್ಟಿಭತ್ಯೆ, ಡಿ.ಎ. ಬೇಳೆ, ಎಣ್ಣೆ, ಬಸ್ ಚಾರ್ಜು ಏರಿದಂತೆ ಸಂಬಳದ ಬೆಲೆ ಕರಗುತ್ತದಲ್ವಾ? ಅದನ್ನು ತುಂಬಿಕೊಡಲು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಿಂದ ಅನ್ವಯವಾಗುವಂತೆ ಇದನ್ನು ಪರಿಷ್ಕರಿಸುತ್ತಾರೆ. ಮೊದಲು ಕೇಂದ್ರ ಸರ್ಕಾರ ಘೋಷಿಸುತ್ತದೆ. ರಾಜ್ಯದ ಆದೇಶ ಅದರ ಹಿಂದೆ ಕೆಲವು ವಾರಗಳಿಗೋ ತಿಂಗಳುಗಳಿಗೋ ಬರುತ್ತದೆ. ನಡುವಿನ ತಿಂಗಳುಗಳದು ಬಾಕಿಯಾಗಿ ಸಿಗುತ್ತದೆ. ಕರ್ನಾಟಕದಲ್ಲಿ 2024ರ ಜುಲೈಗೆ ಶೇ 10.75 ಇದ್ದದ್ದು 2025ರ ಜನವರಿಗೆ ಶೇ 12.25, 2025ರ ಜುಲೈಗೆ ಶೇ 14.25 ಆಯಿತು. ಈ ಲೇಖನದ ಲೆಕ್ಕಗಳಿಗೆ ನಾನು ಶೇ 14.25 ಅನ್ನೇ ಹಿಡಿದಿದ್ದೇನೆ.

ಕೇಂದ್ರದವರಿಗೆ ಅದೇ 2025ರ ಜುಲೈಗೆ ಶೇ 58. ಇದನ್ನು ನೋಡಿ "ಅವರಿಗೆ ಐವತ್ತೆಂಟು, ನಮಗೆ ಹದಿನಾಲ್ಕು ಮಾತ್ರ" ಅಂತ ಹೊಸ ಶಿಕ್ಷಕರೂ ಗೊಂದಲಕ್ಕೆ ಬೀಳುತ್ತಾರೆ. ವಿಷಯ ಇಷ್ಟೇ. ಕೇಂದ್ರದ ಮೂಲ ವೇತನ ನಿಗದಿಯಾದದ್ದು 2016ರ ಜನವರಿಯ ಬೆಲೆಗಳ ಮೇಲೆ. ಅಲ್ಲಿಂದ ಇಲ್ಲಿಯವರೆಗಿನ ಏರಿಕೆಯೆಲ್ಲ ಆ ಶೇ 58ರಲ್ಲಿ ಇದೆ. ನಮ್ಮ ರಾಜ್ಯದ ಮೂಲ ವೇತನ 2022ರ ಜುಲೈಗೆ ಹೊಂದಿಸಿದ್ದು. ಅಲ್ಲಿಯವರೆಗಿನ ತುಟ್ಟಿಭತ್ಯೆ ಆಗಲೇ ಬೇಸಿಕ್ ಒಳಗೆ ಸೇರಿಕೊಂಡಿದೆ. ಆದ್ದರಿಂದ ಕೇಂದ್ರ ಶೇ 1 ಏರಿಸಿದರೆ ರಾಜ್ಯದಲ್ಲಿ ಸುಮಾರು ಶೇ 0.72 ಏರುತ್ತದೆ.

ಹಾಗಾದರೆ ಇಬ್ಬರ ಸಂಬಳವೂ ಒಂದೇನಾ? ಅಲ್ಲ. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಶಿಕ್ಷಕರ ಆರಂಭದ ಬೇಸಿಕ್ 35,400. ನೋಡಲು ನಮ್ಮ 41,300ಕ್ಕಿಂತ ಕಡಿಮೆ. ಅದಕ್ಕೆ ಶೇ 58 ಸೇರಿಸಿ: 55,932. ನಮ್ಮ 41,300ಕ್ಕೆ ಶೇ 14.25 ಸೇರಿಸಿದರೆ 47,185. ತಿಂಗಳಿಗೆ ಎಂಟು ಸಾವಿರ ಚಿಲ್ಲರೆ ವ್ಯತ್ಯಾಸ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕೇಂದ್ರೀಯ ವಿದ್ಯಾಲಯದ ಮೂರನೇ ತರಗತಿಗೂ ಅದೇ ಊರಿನ ಸರ್ಕಾರಿ ಶಾಲೆಯ ಮೂರನೇ ತರಗತಿಗೂ ಪಾಠ ಮಾಡುವವರ ನಡುವಿನ ಅಂತರ ಅದು. ಯಾರ ಸಂಬಳವನ್ನೇ ಹೋಲಿಸುವುದಿದ್ದರೂ ಬರೀ ಬೇಸಿಕ್ ನೋಡಬೇಡಿ, ಬೇಸಿಕ್ ಮತ್ತು ಡಿ.ಎ. ಕೂಡಿಸಿ ನೋಡಿ.

ಮನೆ ಬಾಡಿಗೆ ಭತ್ಯೆ ಊರಿನ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಬೇಸಿಕ್‌ನ ಶೇ 20, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ನಗರಗಳಲ್ಲಿ ಶೇ 15, ಉಳಿದ ಕಡೆ ಶೇ 7.5. ಹಾಗಾಗಿ 41,300 ಬೇಸಿಕ್ ಇರುವ ಹೊಸ ಶಿಕ್ಷಕಿಗೆ ಹಳ್ಳಿಯಲ್ಲಿ 3,098 ರೂಪಾಯಿ ಬಂದರೆ ಬೆಂಗಳೂರಿನಲ್ಲಿ 8,260. ಬೆಂಗಳೂರಿನ ಬಾಡಿಗೆಗೆ ಅದು ಎಷ್ಟು ದೂರ ಬಂದೀತು ಅನ್ನುವುದು ಅಲ್ಲಿದ್ದವರಿಗೆ ಗೊತ್ತು. ಇದರ ಜೊತೆಗೆ ಒಂದಿಷ್ಟು ಸಣ್ಣ ಭತ್ಯೆಗಳಿವೆ. ಅವು ದೊಡ್ಡ ಚಿತ್ರವನ್ನು ಬದಲಿಸುವುದಿಲ್ಲ.

ಈಗ ಹಳ್ಳಿಯ ಶಾಲೆಗೆ ಹೊಸದಾಗಿ ಸೇರಿದ ಪ್ರಾಥಮಿಕ ಶಿಕ್ಷಕಿಯ ಒಟ್ಟು ಸಂಬಳ ಕೂಡಿಸಿ. 41,300, 5,885, 3,098. ಒಟ್ಟು 50,283 ರೂಪಾಯಿ. ಇದು ಕೈಗೆ ಬರುವ ಹಣ ಅಲ್ಲ, ಕಡಿತ ಇನ್ನೂ ಆಗಬೇಕು.

ಆ ಶೇ 27.5 ಎಲ್ಲಿ ಹೋಯಿತು?

ಅಕ್ಕ ಕೇಳಿದ ಪ್ರಶ್ನೆ ಇದೇ. ಟಿವಿಯಲ್ಲಿ, ಪೇಪರಿನಲ್ಲಿ "ಸರ್ಕಾರಿ ನೌಕರರಿಗೆ ಶೇ 27.5 ವೇತನ ಹೆಚ್ಚಳ" ಅಂತ ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ಸುಳ್ಳಲ್ಲ. ಆದರೆ ಜನ ಅದನ್ನು ಅರ್ಥ ಮಾಡಿಕೊಂಡ ರೀತಿ ಸರಿಯಿಲ್ಲ.

ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಯಿತು. ವರದಿ ತಡವಾಗುತ್ತಿದೆ ಅಂತ 2023ರ ಮಾರ್ಚ್ 1ರಂದು ನೌಕರರು ಮುಷ್ಕರ ಹೂಡಿದರು. ಅದೇ ದಿನ ಸರ್ಕಾರ ಶೇ 17 ಮಧ್ಯಂತರ ಪರಿಹಾರ ಘೋಷಿಸಿತು, ಅದು ಏಪ್ರಿಲ್‌ನಿಂದ ಜಾರಿಗೆ ಬಂತು. ವರದಿ ಸಲ್ಲಿಕೆಯಾದದ್ದು 2024ರ ಮಾರ್ಚ್‌ನಲ್ಲಿ. ಹೊಸ ವೇತನ 2024ರ ಆಗಸ್ಟ್ 1ರಿಂದ ಕೈಗೆ ಬಂತು.

ಲೆಕ್ಕ ಹೀಗಿದೆ. ಹಳೆಯ ಬೇಸಿಕ್ ತೆಗೆದುಕೊಳ್ಳಿ. ಅದಕ್ಕೆ 2022ರ ಜುಲೈ 1ಕ್ಕೆ ಇದ್ದ ಶೇ 31 ತುಟ್ಟಿಭತ್ಯೆ ಸೇರಿಸಿ. ಅದರ ಮೇಲೆ ಹಳೆಯ ಬೇಸಿಕ್‌ನ ಶೇ 27.5 ಸೇರಿಸಿ. ಪ್ರಾಥಮಿಕ ಶಿಕ್ಷಕರ ಹಳೆಯ ಶ್ರೇಣಿಯ ಆರಂಭ 25,800. ಶೇ 31 ಅಂದರೆ 7,998. ಶೇ 27.5 ಅಂದರೆ 7,095. ಒಟ್ಟು 40,893. ಹೊಸ ಶ್ರೇಣಿಯಲ್ಲಿ ಇದಕ್ಕೆ ಮೇಲಿನ ಮೆಟ್ಟಿಲು 41,300. ಹೊಸ ಬೇಸಿಕ್ ಹುಟ್ಟಿದ್ದು ಹೀಗೆ.

ಬೇಸಿಕ್ 25,800ರಿಂದ 41,300ಕ್ಕೆ ಹಾರಿತು ಅಂದ ಕೂಡಲೇ ಸಂಬಳ ಒಂದೂವರೆ ಪಟ್ಟು ಆಯಿತು ಅನ್ನಿಸುತ್ತದೆ. ಈಗ 2024ರ ಜುಲೈ ತಿಂಗಳ ಸಂಬಳ ನೋಡಿ. ಲೆಕ್ಕ ಸುಲಭವಾಗಲಿ ಅಂತ ನಡುವಿನ ಇನ್‌ಕ್ರಿಮೆಂಟ್ ಬಿಡೋಣ. ಬೇಸಿಕ್ 25,800. ಆಗಿನ ತುಟ್ಟಿಭತ್ಯೆ ಶೇ 42.5, ಅಂದರೆ 10,965. ಮಧ್ಯಂತರ ಪರಿಹಾರ ಶೇ 17, ಅಂದರೆ 4,386. ಹಳ್ಳಿಯ ಮನೆ ಬಾಡಿಗೆ ಭತ್ಯೆ ಆಗ ಶೇ 8, ಅಂದರೆ 2,064. ಒಟ್ಟು 43,215.

ಆಗಸ್ಟ್‌ನಲ್ಲಿ ಏನಾಯಿತು? ಬೇಸಿಕ್ 41,300. ಹಳೆಯ ತುಟ್ಟಿಭತ್ಯೆ ಬೇಸಿಕ್ ಒಳಗೆ ಸೇರಿದ್ದರಿಂದ ಹೊಸದು ಶೇ 8.5ರಿಂದ ಶುರು (ಮೇಲೆ ಹೇಳಿದ ಶೇ 10.75ರ ಆದೇಶ ಆಮೇಲೆ ಬಂತು): 3,511. ಮಧ್ಯಂತರ ಪರಿಹಾರ ನಿಂತಿತು, ಅದೂ ಈ ಶೇ 27.5ರ ಒಳಗೇ ಸೇರಿಹೋಯಿತು. ಮನೆ ಬಾಡಿಗೆ ಭತ್ಯೆಯ ದರ ಶೇ 8ರಿಂದ 7.5ಕ್ಕೆ ಇಳಿಯಿತು, ಆದರೆ ಬೇಸಿಕ್ ದೊಡ್ಡದಾದ್ದರಿಂದ 3,098 ಬಂತು. ಒಟ್ಟು 47,909.

43,215ರಿಂದ 47,909. ಏರಿದ್ದು 4,694 ರೂಪಾಯಿ, ಸುಮಾರು ಶೇ 11. ಒಂದೇ ತಿಂಗಳಿಗೆ ಇದು ಒಳ್ಳೆಯ ಏರಿಕೆ, ಬೇಡ ಅನ್ನುವವರಿಲ್ಲ. ಆದರೆ ಮದುವೆ ಮನೆಯವರು ಮನಸ್ಸಲ್ಲಿ ಇಟ್ಟುಕೊಂಡ ಇಪ್ಪತ್ತೇಳೂವರೆ ಅಲ್ಲ. ಅದರ ದೊಡ್ಡ ಪಾಲು 2023ರ ಏಪ್ರಿಲ್‌ನಲ್ಲೇ ಬಂದಿತ್ತು.

ಇನ್ನೊಂದು ಸಂಗತಿ ಹೇಳಲೇಬೇಕು, ಯಾಕೆಂದರೆ ಇದರಿಂದ ನಷ್ಟವಾದವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಹೊಸ ವೇತನ ಕಾಗದದ ಮೇಲೆ ಅನ್ವಯವಾದದ್ದು 2022ರ ಜುಲೈ 1ರಿಂದ. ಹಣ ಸಿಕ್ಕಿದ್ದು 2024ರ ಆಗಸ್ಟ್ 1ರಿಂದ. ನಡುವಿನ 25 ತಿಂಗಳ ಬಾಕಿ ಇಲ್ಲ. ಕೆಲಸದಲ್ಲಿ ಇರುವವರು ಇದನ್ನು ನುಂಗಿಕೊಂಡರು. ಆದರೆ ಆ 25 ತಿಂಗಳ ಒಳಗೆ ನಿವೃತ್ತರಾದ ಶಿಕ್ಷಕರಿಗೆ ಗ್ರಾಚ್ಯುಯಿಟಿ, ರಜೆ ನಗದೀಕರಣ, ಪಿಂಚಣಿ ಪರಿವರ್ತನೆ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆಯುವುದು) ಎಲ್ಲ ಹಳೆಯ ಬೇಸಿಕ್ ಮೇಲೆ ಲೆಕ್ಕವಾಯಿತು. ಜೀವನದಲ್ಲಿ ಒಂದೇ ಸಲ ಬರುವ ದುಡ್ಡು ಅದು. 2024ರ ಜುಲೈ 31ಕ್ಕೆ ನಿವೃತ್ತರಾದವರಿಗೂ ಆಗಸ್ಟ್ 31ಕ್ಕೆ ನಿವೃತ್ತರಾದವರಿಗೂ ಲಕ್ಷಗಳ ವ್ಯತ್ಯಾಸ. ನಿವೃತ್ತ ನೌಕರರು ಇದಕ್ಕಾಗಿ ಬೀದಿಗಿಳಿದದ್ದು ಸುಮ್ನೆ ಅಲ್ಲ.

ಕಡಿತ

ಮತ್ತೆ ನಮ್ಮ ಹೊಸ ಶಿಕ್ಷಕಿಯ 50,283ಕ್ಕೆ ಬರೋಣ. ಎನ್‌ಪಿಎಸ್‌ಗೆ, ಅಂದರೆ ಹೊಸ ಪಿಂಚಣಿ ಯೋಜನೆಗೆ, ಬೇಸಿಕ್ ಮತ್ತು ಡಿ.ಎ. ಸೇರಿಸಿದ ಮೊತ್ತದ ಶೇ 10: 4,719. ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ನೌಕರರ ಚಿಕಿತ್ಸಾ ಯೋಜನೆಯಾದ ಆರೋಗ್ಯ ಸಂಜೀವಿನಿಗೆ 350. ಉಳಿಯುವುದು 45,014. ಇದರಲ್ಲಿ ಇನ್ನೂ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮೆಯ ಕಂತು ಮತ್ತು ಗುಂಪು ವಿಮೆ ಹೋಗುತ್ತದೆ. ಕೆಜಿಐಡಿ ಕಡ್ಡಾಯ, ಆದರೆ ಅದು ಕಳೆದುಹೋಗುವ ಹಣವಲ್ಲ. ಅವಧಿ ಮುಗಿದಾಗ ಬೋನಸ್ ಸಮೇತ ಬರುತ್ತದೆ, ನಡುವೆ ಅದರ ಮೇಲೆ ಸಾಲವೂ ಸಿಗುತ್ತದೆ. ಮಗಳ ಮದುವೆಗೆ, ಮನೆಯ ತಾರಸಿಗೆ ಕೆಜಿಐಡಿ ಸಾಲ ತೆಗೆಯದ ಮೇಷ್ಟ್ರು ಕಡಿಮೆ.

ಆದಾಯ ತೆರಿಗೆ? ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ಈ ಶಿಕ್ಷಕಿಯ ವರ್ಷದ ಆದಾಯ ಆರು ಲಕ್ಷದ ಆಸುಪಾಸು. ಹಾಗಾಗಿ ಆ ಚಿಂತೆ ಇಲ್ಲ.

2006ರ ಏಪ್ರಿಲ್ 1

ಅಕ್ಕನ ಶಾಲೆಯ ಹಿರಿಯ ಮೇಷ್ಟ್ರಿಗೂ ಅಕ್ಕನಿಗೂ ಸೇವೆಯಲ್ಲಿ ನಾಲ್ಕು ವರ್ಷದ ಅಂತರ. ನಿವೃತ್ತಿಯ ನಂತರದ ಬದುಕಿನಲ್ಲಿ ಆ ಅಂತರಕ್ಕೆ ಅಳತೆಯೇ ಇಲ್ಲ.

ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ. ಅಂದು ಮತ್ತು ಆಮೇಲೆ ಸೇರಿದವರಿಗೆ ಎನ್‌ಪಿಎಸ್. ಹಳೆಯದರಲ್ಲಿ ಪೂರ್ಣ ಸೇವೆ ಮುಗಿಸಿ 60ಕ್ಕೆ ನಿವೃತ್ತರಾದರೆ ಕೊನೆಯ ಬೇಸಿಕ್‌ನ ಅರ್ಧ ತಿಂಗಳು ತಿಂಗಳು ಬರುತ್ತದೆ. ಅದರ ಮೇಲೆ ತುಟ್ಟಿಭತ್ಯೆಯೂ ಉಂಟು. ಕೊನೆಯ ಬೇಸಿಕ್ 80,000 ಅಂತ ಇಟ್ಟುಕೊಂಡರೆ ಪಿಂಚಣಿ 40,000, ಅದಕ್ಕೆ ಶೇ 14.25 ಸೇರಿ 45,700. ಬೆಲೆ ಏರಿದರೆ ಅದೂ ಏರುತ್ತದೆ. ಮುಂದೆ ವೇತನ ಆಯೋಗ ಬಂದರೆ ಪರಿಷ್ಕರಣೆಯೂ ಆಗುತ್ತದೆ. ಅವರು ತೀರಿಕೊಂಡರೆ ಮನೆಯವರಿಗೆ ಕುಟುಂಬ ಪಿಂಚಣಿ. ಇದಕ್ಕಾಗಿ ಅವರ ಸಂಬಳದಲ್ಲಿ ಪೈಸೆಯೂ ಕಡಿತವಾಗುವುದಿಲ್ಲ.

ಎನ್‌ಪಿಎಸ್‌ನಲ್ಲಿ ಪ್ರತಿ ತಿಂಗಳು ನೌಕರರ ಶೇ 10 ಹೋಗುತ್ತದೆ. ಸರ್ಕಾರ ತನ್ನ ಪಾಲು ಹಾಕುತ್ತದೆ. ಮೊದಲು ಅದೂ ಶೇ 10 ಇತ್ತು, 2022ರಿಂದ ಶೇ 14. ಹೊಸ ಶಿಕ್ಷಕಿಯ ಲೆಕ್ಕದಲ್ಲಿ ಅವರ 4,719ಕ್ಕೆ ಸರ್ಕಾರದ 6,606 ಸೇರಿ ತಿಂಗಳಿಗೆ 11,325 ರೂಪಾಯಿ ಅವರ ಪ್ರಾನ್ ಖಾತೆಗೆ, ಅಂದರೆ ಎನ್‌ಪಿಎಸ್ ಖಾತೆಗೆ, ಬೀಳುತ್ತದೆ. ಆ ಹಣ ಸರ್ಕಾರಿ ಸಾಲಪತ್ರ, ಕಂಪನಿ ಬಾಂಡು, ಷೇರುಗಳಲ್ಲಿ ಹೂಡಿಕೆಯಾಗುತ್ತದೆ. ನಿವೃತ್ತಿಯ ದಿನ ಕೂಡಿದ ಗಂಟಿನಲ್ಲಿ ಶೇ 60ರವರೆಗೆ ಕೈಗೆ ಪಡೆಯಬಹುದು. ಕನಿಷ್ಠ ಶೇ 40ರಿಂದ ವಿಮಾ ಕಂಪನಿಯೊಂದರ ಪಿಂಚಣಿ ಯೋಜನೆ ಕೊಳ್ಳಲೇಬೇಕು. ಆ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. 60ನೇ ವಯಸ್ಸಿಗೆ ಎಷ್ಟು ಬಂತೋ 80ನೇ ವಯಸ್ಸಿಗೂ ಅಷ್ಟೇ.

ದೊಡ್ಡ ಗಂಟು ಕೈಗೆ ಬರುವುದನ್ನು ಒಳ್ಳೆಯದು ಅನ್ನುವವರಿದ್ದಾರೆ. ಚಿಕ್ಕ ವಯಸ್ಸಿಗೇ ಸೇರಿ 35 ವರ್ಷ ಕಟ್ಟಿದವರಿಗೆ ಆ ಮಾತು ಹೊಂದಬಹುದು. ಆದರೆ ನಮ್ಮಲ್ಲಿ ಶಿಕ್ಷಕರ ನೇಮಕಾತಿ ವರ್ಷಗಟ್ಟಲೆ ನಡೆಯುವುದೇ ಇಲ್ಲ. ಡಿ.ಇಡಿ ತರಬೇತಿ, ಟಿಇಟಿ ಅರ್ಹತಾ ಪರೀಕ್ಷೆ, ಸಿಇಟಿ ಪ್ರವೇಶ ಪರೀಕ್ಷೆ ದಾಟಿ ಆದೇಶ ಕೈಗೆ ಬರುವಾಗ ಎಷ್ಟೋ ಜನರಿಗೆ ಮೂವತ್ತೈದು, ನಲವತ್ತು. ಅವರಿಗೆ ಕಟ್ಟಲು ಸಿಗುವುದೇ ಇಪ್ಪತ್ತು ವರ್ಷ. ಗಂಟು ಬೆಳೆಯಲು ಸಮಯವೇ ಇಲ್ಲ. ಈ ತಡಕ್ಕೆ ಅವರು ಕಾರಣರಲ್ಲ, ಆದರೂ ಅದರ ಬೆಲೆ ಕಟ್ಟುವವರು ಅವರೇ. ಅದಕ್ಕೇ ಹಳೆಯ ಪಿಂಚಣಿಯ ಬೇಡಿಕೆ ನನಗೆ ನ್ಯಾಯವಾಗಿ ಕಾಣುತ್ತದೆ.

ಒಂದು ಸಣ್ಣ ಬಾಗಿಲು 2024ರ ಜನವರಿಯಲ್ಲಿ ತೆರೆಯಿತು. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮೊದಲೇ ಹೊರಟಿದ್ದು, ಆಡಳಿತದ ತಡದಿಂದ ಆಮೇಲೆ ಸೇರಿದ ಸುಮಾರು 13,000 ನೌಕರರನ್ನು ಹಳೆಯ ಪಿಂಚಣಿಗೆ ತರಲು ಸರ್ಕಾರ ಆದೇಶ ಹೊರಡಿಸಿತು. ಅಕ್ಕ ತನ್ನ ಅಧಿಸೂಚನೆಯ ತಾರೀಖನ್ನು ಅಂದು ಎಷ್ಟು ಸಲ ತೆಗೆದು ನೋಡಿದಳೋ. ಅವಳದು ಆಮೇಲಿನದೇ.

ಪದವಿ ಇದ್ದರೂ ಒಂದರಿಂದ ಐದು

ಅಕ್ಕ ಬಿ.ಎ., ಬಿ.ಇಡಿ. ಸೇರಿದಾಗ ನೇಮಕಾತಿ ಆದೇಶದಲ್ಲಿ ಪ್ರಾಥಮಿಕ ಶಾಲಾ ಸಹ ಶಿಕ್ಷಕಿ ಅಂತಿತ್ತು. ಹಿರಿಯ ಪ್ರಾಥಮಿಕ ಶಾಲೆಯ ಎಲ್ಲ ತರಗತಿಗೂ ಪಾಠ ಮಾಡುತ್ತಿದ್ದಳು. 2017ರಲ್ಲಿ ವೃಂದ ಮತ್ತು ನೇಮಕಾತಿ ನಿಯಮ ಬದಲಾಯಿತು. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರು ಅನ್ನುವ ಬೇರೆ ವೃಂದ ಬಂತು. ಈಗಾಗಲೇ ಸೇವೆಯಲ್ಲಿ ಇದ್ದವರನ್ನು ಒಂದರಿಂದ ಐದರ ಶಿಕ್ಷಕರು ಅಂತ ಗುರುತಿಸಿದರು, ಪದವಿ ಇದ್ದವರನ್ನೂ ಸೇರಿಸಿ.

ದುಡ್ಡಿನ ಲೆಕ್ಕದಲ್ಲಿ ಎರಡು ವೃಂದಗಳ ಆರಂಭದ ಬೇಸಿಕ್‌ಗೆ 3,125 ರೂಪಾಯಿ ವ್ಯತ್ಯಾಸ. ಆದರೆ ಅಕ್ಕನಿಗೆ ನೋವಾದದ್ದು ಆ ಮೂರು ಸಾವಿರಕ್ಕಲ್ಲ. ಹತ್ತು ವರ್ಷ ಏಳನೇ ತರಗತಿಗೆ ಸಮಾಜ ಪಾಠ ಮಾಡಿದವಳನ್ನು ಕಾಗದದ ಮೇಲೆ ಐದನೇ ತರಗತಿಗೆ ನಿಲ್ಲಿಸಿದರು. ಶಾಲೆಯಲ್ಲಿ ಜನ ಕಡಿಮೆ ಇರುವುದರಿಂದ ಇವತ್ತಿಗೂ ಆರು, ಏಳಕ್ಕೆ ಹೋಗುವುದು ಅವಳೇ. ಮುಂದೆ ಪ್ರೌಢಶಾಲೆಗೆ ಬಡ್ತಿಯ ದಾರಿಯೂ ಇದರಿಂದ ಇಕ್ಕಟ್ಟಾಯಿತು ಅನ್ನುವುದು ಶಿಕ್ಷಕರ ದೂರು. 2024ರ ಆಗಸ್ಟ್‌ನಲ್ಲಿ ಸಾವಿರಾರು ಪ್ರಾಥಮಿಕ ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದು ಇದೇ ವಿಚಾರಕ್ಕೆ.

ರಜೆಯ ವಿಚಾರ

"ಮೇಷ್ಟ್ರಿಗೆ ಬರೀ ರಜೆ" ಅನ್ನುವ ಮಾತಿಗೆ ಬರೋಣ. ದಸರೆ ರಜೆ, ಬೇಸಿಗೆ ರಜೆ ಹೌದು. ಅದಕ್ಕೆ ಬದಲಾಗಿ ಕಳೆದುಕೊಳ್ಳುವುದೂ ಇದೆ. ಬೇರೆ ಇಲಾಖೆಯ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಶಿಕ್ಷಕರು ರಜಾ ಸಹಿತ ಇಲಾಖೆಯವರಾದ್ದರಿಂದ 10 ದಿನ. ನಿವೃತ್ತಿ ಹೊತ್ತಿಗೆ ಖಾತೆಯಲ್ಲಿ ಉಳಿದ ಗಳಿಕೆ ರಜೆಯನ್ನು ಗರಿಷ್ಠ 300 ದಿನದವರೆಗೆ ನಗದು ಮಾಡಿಕೊಳ್ಳಬಹುದು. ಕಚೇರಿಯ ಗುಮಾಸ್ತರೊಬ್ಬರು ಒಂದೂ ರಜೆ ಬಳಸದಿದ್ದರೆ 10 ವರ್ಷಕ್ಕೆ 300 ತುಂಬುತ್ತದೆ. ಶಿಕ್ಷಕರಿಗೆ 30 ವರ್ಷ ಬೇಕು, ಅದೂ ಒಂದು ದಿನವನ್ನೂ ಬಳಸದೆ. ಮಧ್ಯ ವಯಸ್ಸಿನಲ್ಲಿ ಸೇರಿದವರಿಗೆ ಅಷ್ಟು ಕೂಡುವುದೇ ಇಲ್ಲ.

ರಜೆಯಲ್ಲೂ ಪೂರ್ತಿ ಬಿಡುವಿಲ್ಲ. ಚುನಾವಣೆ, ಮತದಾರರ ಪಟ್ಟಿ, ಸಮೀಕ್ಷೆ ಬಂದರೆ ಮೊದಲು ಕರೆಯುವುದು ಶಿಕ್ಷಕರನ್ನೇ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ದಸರೆ ರಜೆಯಲ್ಲಿ ಮನೆಮನೆ ಸುತ್ತಿದವರು ಅವರೇ. ಮುಗಿಯಲಿಲ್ಲ ಅಂತ ಅಕ್ಟೋಬರ್ 18ರವರೆಗೆ ಶಾಲೆಗಳ ರಜೆಯನ್ನೇ ವಿಸ್ತರಿಸಬೇಕಾಯಿತು. ಇಂಥ ಕೆಲಸಕ್ಕೆ ಗೌರವಧನ ಬೇರೆ ಸಿಗುತ್ತದೆ. ರಜೆಯಲ್ಲಿ ಕೆಲಸಕ್ಕೆ ಹಚ್ಚಿದರೆ ಅದಕ್ಕೆ ತಕ್ಕಷ್ಟು ಗಳಿಕೆ ರಜೆ ಸೇರಿಸಬೇಕು ಅಂತ ಸೇವಾ ನಿಯಮದಲ್ಲೇ ಇದೆ. ಶಿಕ್ಷಕರು ಅದನ್ನು ಕೇಳಿ ತಮ್ಮ ಸೇವಾ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಎಷ್ಟೋ ಜನ ಕೇಳುವುದೇ ಇಲ್ಲ.

ಹೆರಿಗೆ ರಜೆ 180 ದಿನ, ಪೂರ್ಣ ಸಂಬಳದೊಂದಿಗೆ. 2021ರಿಂದ ಮಹಿಳಾ ನೌಕರರಿಗೆ 18 ವರ್ಷದೊಳಗಿನ ಮಕ್ಕಳ ಆರೈಕೆಗೆ ಇಡೀ ಸೇವೆಯಲ್ಲಿ ಇನ್ನೂ 180 ದಿನ ಶಿಶುಪಾಲನಾ ರಜೆ ಇದೆ. ಪ್ರಾಥಮಿಕ ಶಾಲೆಗಳಲ್ಲಿ ಮಹಿಳೆಯರು ಇಷ್ಟೊಂದು ಸಂಖ್ಯೆಯಲ್ಲಿರುವಾಗ ಇದು ದೊಡ್ಡ ಸೌಲಭ್ಯ.

ಆರೋಗ್ಯದ ವಿಷಯದಲ್ಲಿ ಒಳ್ಳೆಯ ಬದಲಾವಣೆ ಈಚೆಗೆ ಆಗಿದೆ. ಮೊದಲು ಜ್ಯೋತಿ ಸಂಜೀವಿನಿಯಲ್ಲಿ ಹೃದಯ, ಕ್ಯಾನ್ಸರ್‌ನಂಥ ಕೆಲವು ದೊಡ್ಡ ಕಾಯಿಲೆಗೆ ಮಾತ್ರ ನಗದುರಹಿತ ಚಿಕಿತ್ಸೆ ಇತ್ತು. ಉಳಿದದ್ದಕ್ಕೆ ನಾವೇ ಬಿಲ್ ಕಟ್ಟಿ, ಆಮೇಲೆ ಮರುಪಾವತಿಗೆ ಕಾಯಬೇಕಿತ್ತು. ನಮ್ಮ ಅಮ್ಮನ ಆಪರೇಷನ್ನಿನ ಬಿಲ್ ಕಚೇರಿಯೊಂದರಲ್ಲಿ ಒಂದೂವರೆ ವರ್ಷ ಕೂತಿತ್ತು. 2025ರ ಅಕ್ಟೋಬರ್ 1ರಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಜಾರಿಯಾಗಿದೆ. ನೌಕರರು ತಿಂಗಳಿಗೆ ವಂತಿಗೆ ಕಟ್ಟುತ್ತಾರೆ. ಎ ವೃಂದಕ್ಕೆ 1,000, ಬಿಗೆ 500, ಸಿಗೆ 350, ಡಿಗೆ 250. ಶಾಲಾ ಶಿಕ್ಷಕರು ಹೆಚ್ಚಾಗಿ ಸಿ ವೃಂದದವರು. ನೋಂದಾಯಿತ ಆಸ್ಪತ್ರೆಗೆ ದಾಖಲಾದರೆ ಕುಟುಂಬಕ್ಕೂ ಕೈಯಿಂದ ಹಣ ಹಾಕದೆ ಚಿಕಿತ್ಸೆ.

ಸಂಬಳ ಬರುವ ದಾರಿ

ಪ್ರಾಥಮಿಕ ಶಿಕ್ಷಕರ ಬಿಲ್ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಎಚ್‌ಆರ್‌ಎಂಎಸ್ ಅನ್ನುವ ತಂತ್ರಾಂಶದಲ್ಲಿ ಸಿದ್ಧವಾಗುತ್ತದೆ, ಖಜಾನೆಗೆ ಹೋಗುತ್ತದೆ, ಬ್ಯಾಂಕಿಗೆ ಬರುತ್ತದೆ. ಆದರೆ ಒಂದೇ ಶಾಲೆಯ ಇಬ್ಬರಿಗೆ ಒಂದೇ ದಿನ ಬಾರದಿರಬಹುದು. ಕೆಲವು ಹುದ್ದೆಗಳು ರಾಜ್ಯದ ಸಾಮಾನ್ಯ ಲೆಕ್ಕ ಶೀರ್ಷಿಕೆಯಲ್ಲಿವೆ. ಕೆಲವು ಸಮಗ್ರ ಶಿಕ್ಷಣ ಯೋಜನೆಯ (ಹಿಂದಿನ ಸರ್ವ ಶಿಕ್ಷಣ ಅಭಿಯಾನ, ಎಸ್‌ಎಸ್‌ಎ) ಅನುದಾನದಲ್ಲಿವೆ. ಅದರ ವೆಚ್ಚ ಕೇಂದ್ರ, ರಾಜ್ಯದ ನಡುವೆ 60:40 ಹಂಚಿಕೆ. ಅನುದಾನ ಬಿಡುಗಡೆ ತಡವಾದರೆ ಆ ಹುದ್ದೆಯಲ್ಲಿ ಕೂತವರ ಸಂಬಳವೂ ತಡ. "ಎಸ್‌ಎಸ್‌ಎ ಪೋಸ್ಟಾ?" ಅಂತ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಶಿಕ್ಷಕರು ಮೊದಲು ಕೇಳುವುದು ಇದಕ್ಕೇ. ಮನೆ ಸಾಲದ ಕಂತು ಐದನೇ ತಾರೀಖಿಗೆ ಇದ್ದವರಿಗೆ ಆ ಪ್ರಶ್ನೆ ಸಣ್ಣದಲ್ಲ.

ಅನುದಾನಿತ ಖಾಸಗಿ ಶಾಲೆಯವರ ಕಥೆ ಇನ್ನೊಂದು. ಅವರ ಸಂಬಳವನ್ನು ಸರ್ಕಾರವೇ ಕೊಡುತ್ತದೆ. ಆದರೆ 2006ರ ನಂತರ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ, ಎನ್‌ಪಿಎಸ್‌ಗೆ ಸರ್ಕಾರದ ಪಾಲೂ ಇಲ್ಲ. ಆಡಳಿತ ಮಂಡಳಿ ಕಟ್ಟಬೇಕು ಅಂತಾರೆ. ಕಟ್ಟುವ ಮಂಡಳಿ ಎಷ್ಟಿವೆ? ವರ್ಷಗಳಿಂದ ಹೋರಾಡುತ್ತಿದ್ದಾರೆ.

ನಾಲ್ಕನೆಯವರು

ಅಕ್ಕನ ಶಾಲೆಯ ಅತಿಥಿ ಶಿಕ್ಷಕಿಯದು ಪೇ ಸ್ಲಿಪ್ಪೇ ಇಲ್ಲ. ಅವರಿಗೆ ಸಿಗುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. 2025ರ ಬಜೆಟ್‌ನಲ್ಲಿ 2,000 ಏರಿದ ಮೇಲೆ ಪ್ರಾಥಮಿಕಕ್ಕೆ ತಿಂಗಳಿಗೆ 12,000, ಪ್ರೌಢಶಾಲೆಗೆ 12,500. ಬೇಸಿಕ್ ಇಲ್ಲ, ಹಾಗಾಗಿ ಡಿ.ಎ. ಇಲ್ಲ. ಬಾಡಿಗೆ ಭತ್ಯೆ ಇಲ್ಲ, ಇನ್‌ಕ್ರಿಮೆಂಟ್ ಇಲ್ಲ, ಪಿಂಚಣಿ ಇಲ್ಲ, ಆರೋಗ್ಯ ಸಂಜೀವಿನಿ ಇಲ್ಲ. ಅವರಿಗೂ ಡಿ.ಇಡಿ ಆಗಿದೆ. ಟಿಇಟಿಯೂ ಆಗಿದೆ. ನಲಿ-ಕಲಿಯ, ಅಂದರೆ ಒಂದರಿಂದ ಮೂರನೇ ತರಗತಿಯ, ಮಕ್ಕಳು ಅವರನ್ನೇ "ಮಿಸ್" ಅಂತ ಹಿಡಿದುಕೊಳ್ಳುತ್ತಾರೆ. ಮಕ್ಕಳಿಗೆ ಯಾರ ಆದೇಶದಲ್ಲಿ ಏನು ಬರೆದಿದೆ ಗೊತ್ತಿಲ್ಲ.

ರಾಜ್ಯದಲ್ಲಿ ಹೀಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಖಾಲಿ ಹುದ್ದೆ ತುಂಬದಿದ್ದಾಗ ಶಾಲೆ ನಡೆಯುವುದು ಇವರಿಂದ. ಪಕ್ಕದ ಕೋಣೆಯ ಹೊಸ ಕಾಯಂ ಶಿಕ್ಷಕಿಗೆ 50,283, ಇವರಿಗೆ 12,000. ಕಾಯಂನವರಿಗೆ ಜಾಸ್ತಿ ಸಿಗುತ್ತಿದೆ ಅನ್ನುವುದು ನನ್ನ ಮಾತಲ್ಲ. ಡಿಗ್ರಿ ಓದಿ, ಪರೀಕ್ಷೆ ಗೆದ್ದು, ಮನೆ ನಡೆಸಬೇಕಾದವರಿಗೆ ಐವತ್ತು ಸಾವಿರ ಇವತ್ತಿನ ದಿನದಲ್ಲಿ ದೊಡ್ಡದೇನಲ್ಲ. ಹನ್ನೆರಡು ಸಾವಿರದಲ್ಲಿ ಒಬ್ಬ ಶಿಕ್ಷಕಿಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ತಪ್ಪು. ಅದು ಮಾತ್ರ ನನ್ನ ಮಾತು.

ಆ ಹಣವೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬೇಸಿಗೆ ರಜೆಗೆ ಗೌರವಧನ ಇಲ್ಲ. ಏಪ್ರಿಲ್‌ನಲ್ಲಿ ಫಲಿತಾಂಶ ಹೇಳುವ ದಿನ ಅವರು ಹಾಜರಿ ಪುಸ್ತಕ, ಅಂಕಪಟ್ಟಿ, ಬೀರುವಿನ ಕೀಲಿ ಎಲ್ಲ ಅಕ್ಕನ ಕೈಗೆ ಕೊಟ್ಟು ಹೋಗುತ್ತಾರೆ. ಜೂನ್‌ನಲ್ಲಿ ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು. ಹೋದ ವರ್ಷ ಅವರು ಕೀಲಿ ಕೊಡುವಾಗ ಒಂದನೇ ತರಗತಿಯ ಹುಡುಗಿಯೊಬ್ಬಳು ಬಂದು, "ಮಿಸ್, ಎರಡನೇ ಕ್ಲಾಸಿಗೂ ನೀವೇ ಬರ್ತೀರಲ್ವಾ?" ಅಂತ ಕೇಳಿದಳಂತೆ.